ಇಲ್ಲದ ಊರಿಗೆ ಬಂದ ಟಪಾಲು

ಈಗ ಬರೆಯಲು ಹೊರಟಿರುವುದರಲ್ಲಿ ನಡೆದದ್ದು ಎಷ್ಟು, ಹೇಳುತ್ತಾ ಹೇಳುತ್ತಾ ನಾನು ಸೇರಿಸಿಕೊಂಡದ್ದು ಎಷ್ಟು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಜರ್ಮನಿಯಿಂದ ಒಬ್ಬರು ಚಳ್ಳಕೆರೆಗೆ ಬಂದಿದ್ದರು, ಹತ್ತು ಹನ್ನೆರಡು ದಿನ ಇದ್ದರು, ಅಷ್ಟು ದಿನವೂ ನಾನು ಅವರ ಜೊತೆಗಿದ್ದೆ. ಇಷ್ಟು ನಿಜ. ಅವರ ಟೋಪಿ ಹಸಿರೋ ಕಂದೋ, ದನಗಾಹಿಗಳ ಒಂದು ಹಟ್ಟಿಗೆ ನಾವು ಹೋದದ್ದು ಯಾವುದರಲ್ಲೋ, ಯಾವ ಮಾತು ಯಾರ ಬಾಯಿಂದ ಬಂತೋ, ಇವೆಲ್ಲ ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಸ್ವಲ್ಪ ಬದಲಾಗಿವೆ. ನನ್ನ ಹೆಂಡತಿ ಅದನ್ನು ಲೆಕ್ಕ ಇಟ್ಟಿದ್ದಾಳೆ.

"ಹೋದ್ ಸಲ ಜೀಪ್ನಾಗೆ ಹೋಗಿದ್ರಿ" ಎನ್ನುತ್ತಾಳೆ. "ಈ ಸಲ ಆಟೋ ಆತು. ಮುಂದಿನ್ ಸಲಕ್ಕೆ ನಡ್ಕೊಂಡೇ ಹೋಗ್ತೀರೇನೋ."

ಆದರೆ ಒಂದು ವಿಷಯವನ್ನು ನಾನು ಒಮ್ಮೆಯೂ ಬದಲಾಯಿಸಿರಲಿಲ್ಲ. ಹಟ್ಟಿಯ ಹುಡುಗಿಯೊಬ್ಬಳಿಗೆ ಸರ್ಕಾರದಿಂದ ಒಂದು ಕಾಗದ ಬೇಕಾಗಿತ್ತು, ಅದನ್ನು ಕೊಡಿಸಿದ ಉಪಾಯ ನನ್ನದು ಎಂಬ ವಿಷಯ. ಟೀ ಅಂಗಡಿಯಲ್ಲಿ, ಮದುವೆ ಊಟದ ಸಾಲಿನಲ್ಲಿ, ಬಸ್ಸು ಕೆಟ್ಟು ನಿಂತಾಗ, ಎಷ್ಟೋ ಸಲ ಹೇಳಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಭೂಗೋಳ ಓದಿದವನು ನಾನು. ಬೇರೆಯವರು ಏನೇ ಹೇಳಿದರೂ ಅದಕ್ಕೆ ಆಧಾರ ಏನು ಎಂದು ಕೇಳುವುದನ್ನು ಕಲಿಸಿ ಕಳಿಸಿದ್ದರು. ನನ್ನ ಮಾತಿಗೆ ಆಧಾರ ಕೇಳಬೇಕೆಂದು ಮಾತ್ರ ಬಹಳ ವರ್ಷ ತೋಚಲಿಲ್ಲ.

ದಾವಣಗೆರೆ ನಮ್ಮಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿ ಒಂದೋ ಎರಡೋ ವರ್ಷ ಕಳೆದಿತ್ತು. ಎಂ.ಎ. ಮುಗಿಸಿ ಬಂದ ನಾನು ಚಳ್ಳಕೆರೆಯ ಮನೆಯಲ್ಲಿ ಕೂತಿದ್ದೆ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಅವರ ಅಂಗಿಯಿಂದ ಬರುತ್ತಿದ್ದ ಕಡಲೆಕಾಯಿ ಹಿಂಡಿಯ ವಾಸನೆ ಮತ್ತು ಅವರ ಮೌನ, ಎರಡೂ ನನ್ನನ್ನು ಹೊರಗೆ ಅಟ್ಟುತ್ತಿದ್ದವು. ಒಂದು ದಿನ ಎಸ್.ಟಿ.ಡಿ. ಬೂತಿನವನು ಕರೆಸಿ, "ಲೇ, ಲಾಡ್ಜಿನಾಗೆ ಒಬ್ಬ ಬಿಳೇ ಸಾಹೇಬ ಇಳ್ದಾನೆ. ಕಲ್ಲು ನೋಡ್ಬೇಕಂತೆ. ನಿಂಗೆ ಇಂಗ್ಲಿಷ್ ಬರ್ತೈತಲ್ಲ, ಹೋಗು" ಎಂದ. ಯಾವ ಕಲ್ಲು ಎಂದು ಕೇಳಿದೆ. "ನಮ್ ಕಡೆ ಕಲ್ಲಿಗೇನ್ ಬರ. ಯಾವ್ದಾರ ತೋರ್ಸು" ಎಂದ.

ಅವರಿಗೆ ಬೇಕಾಗಿದ್ದದ್ದು ಗಡಿಕಲ್ಲು. ಅರವತ್ತು ದಾಟಿದ, ಎತ್ತರದ, ಮೊಣಕಾಲಿನವರೆಗೆ ಕಾಲುಚೀಲ ಏರಿಸಿದ ಮನುಷ್ಯ. ತಮ್ಮ ದೇಶದ ಒಂದು ಹಳ್ಳಿಗಾಡು ಜಿಲ್ಲೆಯ ಕಚೇರಿಯಲ್ಲಿ ಜೀವಮಾನವೆಲ್ಲ ಕೆಲಸ ಮಾಡಿ ನಿವೃತ್ತರಾಗಿದ್ದರು. ಅಲ್ಲಿ ಅವರಂಥ ಕೆಲವರು ರಜೆಯ ದಿನ ಕಾಡಿನಲ್ಲಿ ಅಲೆದು ಹಳೆಯ ಗಡಿಕಲ್ಲುಗಳನ್ನು ಹುಡುಕಿ, ಪಾಚಿ ಒರೆಸಿ, ಫೋಟೋ ತೆಗೆದುಕೊಂಡು ಬರುತ್ತಾರಂತೆ. ಇಲ್ಲಿಗೆ ಬಂದದ್ದು ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನ ಮೌರ್ಯರ ಕಾಲದ ಶಾಸನ ನೋಡಲು. ಜೊತೆಗೆ ನಮ್ಮ ತಾಲ್ಲೂಕುಗಳ ಗಡಿಕಲ್ಲು ಸಿಕ್ಕರೆ ಅದೂ ಇರಲಿ ಎಂದು.

ಅವರು ಎಲ್ಲಿ ಕೂತರೂ ತಮ್ಮ ಜಿಲ್ಲೆಯ ನಕ್ಷೆ ಬಿಚ್ಚುತ್ತಿದ್ದರು. ದೋಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬಿಚ್ಚುತ್ತಿದ್ದರು. ಖಾಸಗಿ ಬಸ್ಸಿನಲ್ಲಿ ಪಕ್ಕದ ಸೀಟಿನವನ ತೊಡೆಯ ಮೇಲೂ ಒಂದು ಅಂಚು ಬಿಚ್ಚಿಕೊಳ್ಳುತ್ತಿತ್ತು. ಉತ್ತರದಲ್ಲಿ ಕಾಡು, ನಡುವೆ ಒಂದು ಸಣ್ಣ ನದಿ, ದಕ್ಷಿಣದಲ್ಲಿ ಆಲೂಗಡ್ಡೆ, ಕೋಟೆಯಿರುವ ಒಂದು ಪಟ್ಟಣ, ಅದರಲ್ಲಿ ಜಿಲ್ಲಾ ಕಚೇರಿ. ಅದರ ಕೆಳಗೆ ಇಪ್ಪತ್ತೊಂದೋ ಇಪ್ಪತ್ತಮೂರೋ ಪಂಚಾಯ್ತಿಗಳು. ಕಸ ಎತ್ತುವುದು, ಮಕ್ಕಳ ಶಾಲೆ ಬಸ್ಸು, ಮನೆ ಕಟ್ಟುವವರಿಗೆ ಪರವಾನಗಿ, ಗಾಡಿಗಳ ನಂಬರು, ಇವೆಲ್ಲ ಜಿಲ್ಲಾ ಕಚೇರಿಯ ಕೆಲಸ. ಬೇರೆಯವರು ಮೊಮ್ಮಕ್ಕಳ ಫೋಟೋ ತೋರಿಸುವಷ್ಟು ಪ್ರೀತಿಯಿಂದ ಅವರು ಇದನ್ನು ಹೇಳುತ್ತಿದ್ದರು.

ಎರಡನೆಯ ದಿನವೋ ಮೂರನೆಯ ದಿನವೋ ನಾವು ಹಟ್ಟಿಗೆ ಹೋದೆವು. ಆಟೋದಲ್ಲಿ ಎಂದಿಟ್ಟುಕೊಳ್ಳೋಣ. ಆ ಹಟ್ಟಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಸೇರುವ ಕಡೆ, ಒಂದು ಹುಲ್ಲುಗಾವಲಿನ ಅಂಚಿನಲ್ಲಿದೆ. ಹೆಸರು ಹೇಳುವುದಿಲ್ಲ, ಅದೇ ದೇವರ ಹೆಸರಿನ ಹಟ್ಟಿಗಳು ಸುತ್ತಮುತ್ತ ಇನ್ನೂ ನಾಲ್ಕಿವೆ, ಹೇಳಿದರೂ ಉಪಯೋಗವಿಲ್ಲ. ಮೂರು ಊರಿನ ಗಡಿ ಸೇರುವ ಕಲ್ಲು ಅಲ್ಲಿದೆ ಎಂದು ಯಾರೋ ಹೇಳಿದ್ದರು. ಕಲ್ಲು ಇತ್ತು. ಒಂದು ಕಡೆಗೆ ವಾಲಿತ್ತು, ಒಂದು ಮಗ್ಗುಲು ಎಣ್ಣೆ ಹಚ್ಚಿದಂತೆ ನುಣ್ಣಗಾಗಿತ್ತು. ಜರ್ಮನ್ನರು ಮಂಡಿಯೂರಿ ಕೂತು, ಜೇಬಿನಿಂದ ಬ್ರಷ್ ತೆಗೆದರು.

"ಏನ್ ಹುಡುಕ್ತಾ ಅವ್ರೆ?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ಕೈಯಲ್ಲಿ ಕೋಲು, ಬರಿಗಾಲು, ಹೆಗಲ ಮೇಲೆ ಕಂಬಳಿ. ಹಟ್ಟಿಯ ಹಿರಿಯರು, ದೇವರ ಎತ್ತುಗಳನ್ನು ಕಾಯುವ ಕಿಲಾರಿ.

"ತಾಲ್ಲೂಕಿನ ಗಡಿಕಲ್ಲಂತೆ ಯಜಮಾನ್ರೇ. ಅದರ ಮೇಲೆ ಗುರುತು ಐತಾ ಅಂತ ನೋಡ್ತಿದ್ದಾರೆ."

"ಅದು ದನ ಮೈ ತಿಕ್ಕೋ ಕಲ್ಲು" ಎಂದರು ಯಜಮಾನರು. "ಗುರುತು ಇದ್ದಿದ್ರೆ ನಮ್ ಎತ್ತಿನ ಮೈ ಮ್ಯಾಲೆ ನೋಡ್ರಿ. ಅಲ್ಲಿ ಇಳ್ದಿರ್ತೈತೆ."

ಇದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಜರ್ಮನ್ನರು ನಗುತ್ತಾರೆಂದುಕೊಂಡಿದ್ದೆ. ಅವರು ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ಬೇವಿನ ಮರದ ಕೆಳಗೆ ಕೂತು ಹಟ್ಟಿಯ ಕಥೆ ಕೇಳಿದೆವು. ಯಜಮಾನರ ತಾತನ ಕಾಲದಲ್ಲಿ ಹಟ್ಟಿ ಇಲ್ಲಿರಲಿಲ್ಲ, ಎರಡು ಮೈಲಿ ಆಚೆ ಇತ್ತು. ಒಂದು ಬೇಸಿಗೆ ದೇವರ ಎತ್ತುಗಳು ಮೇಯುತ್ತಾ ಈ ಕಡೆ ಬಂದು ಇಲ್ಲಿ ಮಲಗಿಬಿಟ್ಟವು. ಎಬ್ಬಿಸಿದರೆ ಏಳಲಿಲ್ಲ. ಮೂರು ದಿನ ಕಾದರು. ದೇವರ ಎತ್ತು ಮಲಗಿದ ಕಡೆಯೇ ಹಟ್ಟಿ ಎಂದು ತೀರ್ಮಾನಿಸಿ, ಗುಡಿ, ಗುಡಿಸಲು, ಹೆಸರು ಎಲ್ಲವನ್ನೂ ಎತ್ತಿಕೊಂಡು ಇಲ್ಲಿಗೆ ಬಂದರು. ಎತ್ತುಗಳು ತಾಲ್ಲೂಕಿನ ನಕ್ಷೆ ನೋಡಿರಲಿಲ್ಲ. ಅವು ದಾಟಿದ್ದು ತಾಲ್ಲೂಕಿನ ಗಡಿ.

ಸರ್ಕಾರದ ಪುಸ್ತಕದಲ್ಲಿ ಹೆಸರು ಎದ್ದು ನಡೆಯುವುದಿಲ್ಲ. ಹಳೆಯ ಜಾಗಕ್ಕೆ ಹಟ್ಟಿಯ ಹೆಸರು ಹಾಗೇ ಉಳಿಯಿತು. ಜನ ಇಲ್ಲವಾದ್ದರಿಂದ ಅದನ್ನು ಬೇಚರಾಕ್ ಗ್ರಾಮ, ಎಂದರೆ ಜನವಸತಿ ಇಲ್ಲದ ಊರು, ಎಂದು ಬರೆದರು. ಜನ ಇರುವ ಈ ಜಾಗಕ್ಕೆ ಇನ್ನೊಂದು ತಾಲ್ಲೂಕಿನ ಪುಸ್ತಕದಲ್ಲಿ ಹೆಸರೇ ಇಲ್ಲ, ಬರೀ ಹುಲ್ಲುಗಾವಲು. ಹೀಗಾಗಿ ಒಂದು ತಾಲ್ಲೂಕಿನಲ್ಲಿ ಜನರಿಲ್ಲದ ಹೆಸರು, ಇನ್ನೊಂದರಲ್ಲಿ ಹೆಸರಿಲ್ಲದ ಜನ. ಯಾವುದು ಯಾವ ತಾಲ್ಲೂಕು ಎಂದು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎರಡೂ ಕಚೇರಿಗಳಲ್ಲಿ ನನಗೆ ಈಗಲೂ ಆಗಬೇಕಾದ ಕೆಲಸಗಳಿವೆ. ಜನ ಇರುವ ಕಡೆಯದನ್ನು ಈ ಕಡೆ ಕಚೇರಿ ಎನ್ನುತ್ತೇನೆ, ಹೆಸರು ಉಳಿದ ಕಡೆಯದನ್ನು ಆ ಕಡೆ ಕಚೇರಿ.

ಇದರಿಂದ ಅದುವರೆಗೆ ಯಾರಿಗೂ ಅಂಥ ತೊಂದರೆ ಆಗಿರಲಿಲ್ಲವಂತೆ. ಆ ವರ್ಷ ಆಗಿತ್ತು. ಯಜಮಾನರ ಮೊಮ್ಮಗಳು ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ನರ್ಸ್ ತರಬೇತಿಗೆ ಅರ್ಜಿ ಹಾಕಿ, ಸಂದರ್ಶನಕ್ಕೆ ಕರೆ ಬಂದಿತ್ತು. ಹಟ್ಟಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೇ ಮೊದಲು. ಸಂದರ್ಶನಕ್ಕೆ ವಾಸಸ್ಥಳದ ದೃಢೀಕರಣ ಪತ್ರ ತರಬೇಕು. ಉಳಿದಿದ್ದದ್ದು ಇಪ್ಪತ್ತು ದಿನ. ಅದು ಇಲ್ಲದೆ ಹೋದರೆ ಸೀಟು ಮುಂದಿನವರಿಗೆ.

"ಆ ಕಡೆ ಕಚೇರೀಲಿ, ನಿಮ್ ಊರಾಗೆ ಯಾರೂ ವಾಸ ಇಲ್ಲ, ನಿಂಗೆ ಹೆಂಗ್ ಕೊಡಾದು ಅಂತಾರೆ" ಎಂದಳು ಹುಡುಗಿ. ಅಳುವ ದನಿಯಲ್ಲ, ಪಾಠ ಒಪ್ಪಿಸುವಂತೆ. "ಈ ಕಡೆ ಕಚೇರೀಲಿ, ನೀನ್ ವಾಸ ಇರೋದೇನೋ ಸರಿ, ನಿಮ್ ಊರೇ ಇಲ್ಲ ಅಂತಾರೆ. ಒಟ್ನಲ್ಲಿ ನಾನ್ ಇದೀನಿ ಅಂತ ಇಬ್ರೂ ಒಪ್ತಾರೆ ಸಾರ್. ಎಲ್ಲಿ ಅಂತ ಮಾತ್ರ ಗೊತ್ತಾಗ್ತಿಲ್ಲ."

ಇದನ್ನು ಕೇಳಿ ಜರ್ಮನ್ನರ ಮುಖ ಬಿಳಿಚಿಕೊಂಡಿತು, ಅದಕ್ಕೆ ಅವಕಾಶ ಇದ್ದಷ್ಟು. ಅವರ ಜಿಲ್ಲೆಯಲ್ಲಿ ಮನೆ ಬದಲಾಯಿಸಿದವರು ಒಂದೇ ವಾರದಲ್ಲಿ ಕಚೇರಿಗೆ ಹೋಗಿ ಹೊಸ ವಿಳಾಸ ಬರೆಸಬೇಕಂತೆ. ಬರೆಸದೆ ಯಾರೂ ಎಲ್ಲೂ ವಾಸ ಮಾಡುವಂತೆಯೇ ಇಲ್ಲವಂತೆ.

"ಎತ್ತು ಏಳ್ದಿದ್ರೆ?" ಎಂದು ಯಜಮಾನರು ಕೇಳಿದರು.

ಜರ್ಮನ್ನರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಯಜಮಾನರಿಗೆ ಆ ಜಿಲ್ಲೆಯ ಬಗ್ಗೆ ಕುತೂಹಲ ಹುಟ್ಟಿತು. ಅಲ್ಲಿ ಜಿಲ್ಲೆಗೆ ದೊಡ್ಡ ಅಧಿಕಾರಿಯನ್ನು ಯಾರು ಕಳಿಸುತ್ತಾರೆ ಎಂದು ಕೇಳಿಸಿದರು. ಜನರೇ ಓಟು ಹಾಕಿ ಆರಿಸುತ್ತಾರೆ ಎಂಬ ಉತ್ತರ ಬಂತು.

"ಡಿ.ಸಿ.ನಾ?" ಎಂದರು ಯಜಮಾನರು.

"ಡಿ.ಸಿ. ಅಂತಲೇ ಅಂದ್ಕೊಳ್ರಿ."

"ಸೋತೋನು ಏನಾಗ್ತಾನೆ?"

"ಏನೂ ಆಗಲ್ಲ. ಮನೇಗೆ ಹೋಗ್ತಾನೆ."

"ಗೆದ್ದೋನ್ನ ಟ್ರಾನ್ಸ್‌ಫರ್ ಮಾಡ್ಸಾಕೆ ಬರ್ತೈತಾ?"

ನಾನು ಕೇಳಿ ಹೇಳಿದೆ. "ಬರಲ್ಲವಂತೆ. ಅವಧಿ ಮುಗಿಯೋವರ್ಗೂ ಅಲ್ಲೇ."

ಯಜಮಾನರು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, "ಪಾಪ" ಎಂದರು.

"ಯಾರು, ಡಿ.ಸಿ.ನಾ?"

"ಕಾದು, ಕಾದು" ಎಂದು ಅಲ್ಲವೆಂಬಂತೆ ತಲೆಯಾಡಿಸಿದರು. ಆ ಕಡೆಯವರಿಗೆ ತೆಲುಗು ಹಾಗೇ ನಡುನಡುವೆ ನುಸುಳುತ್ತದೆ. "ಜನ."

ಹೊರಡುವ ಮೊದಲು ಅವರು ಇನ್ನೊಂದು ಪ್ರಯತ್ನ ಮಾಡಿದರು. ಈ ದೊರೆಯೂ ಜಿಲ್ಲಾ ಕಚೇರಿಯವರೇ ತಾನೆ, ಕಣ್ಣಾರೆ ಹಟ್ಟಿ ನೋಡಿದ್ದಾರೆ, ಇಂಥವಳು ಇಲ್ಲಿ ವಾಸ ಇದ್ದಾಳೆ ಎಂದು ಒಂದು ಸಹಿ ಹಾಕಿಕೊಡಲಿ. ಜರ್ಮನ್ನರು ಎರಡೂ ಕೈ ಎತ್ತಿ, ಈ ಪ್ರದೇಶ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಯಜಮಾನರು ನನ್ನ ಅನುವಾದಕ್ಕೆ ಕಾಯಲೂ ಇಲ್ಲ.

"ಬಿಡ್ರಿ, ಅರ್ಥ ಆತು" ಎಂದರು. "ಯಾವ್ ದೇಶದಾಗಾದ್ರೂ ಆಫೀಸರು ಕಲಿಯೋ ಮೊದ್ಲನೇ ಮಾತು ಅದೇ."

ಅವತ್ತು ಸಂಜೆಯೋ ಮರುದಿನವೋ, ಲಾಡ್ಜಿನ ಎದುರಿನ ಹೋಟೆಲಿನಲ್ಲಿ, ಜರ್ಮನ್ನರು ತಮ್ಮ ಒಂದು ಕಥೆ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸರ್ಕಾರ ಸಣ್ಣ ಸಣ್ಣ ಪಂಚಾಯ್ತಿಗಳನ್ನು ಕೂಡಿಸಿ ದೊಡ್ಡದು ಮಾಡಿತು. ಎರಡು ಹಳೆಯ ಜಿಲ್ಲೆಗಳೂ ಸೇರಿ ಒಂದಾದವು. ಅವರ ಸ್ವಂತ ಹಳ್ಳಿ ಪಕ್ಕದ ಊರಿನೊಳಗೆ ಸೇರಿಹೋಯಿತು. ಆ ಆದೇಶವನ್ನು ಟೈಪು ಮಾಡಿದವರು ಇವರೇ. ಊರ ಬಾಗಿಲಲ್ಲಿ ಅಲ್ಲಿ ಹಳದಿ ಬೋರ್ಡು ಇರುತ್ತದಂತೆ, ಮೇಲೆ ಊರಿನ ಹೆಸರು, ಕೆಳಗೆ ಜಿಲ್ಲೆಯ ಹೆಸರು. ಹೊಸ ಬೋರ್ಡು ಬಂದ ದಿನ ಅವರ ತಂದೆ ಹಳೆಯದನ್ನು ಬಿಚ್ಚಿ ತಂದು ಕೊಟ್ಟಿಗೆಯಲ್ಲಿಟ್ಟರು. ಸಾಯುವವರೆಗೂ ಕಾಗದಗಳ ಮೇಲೆ ಹಳೆಯ ಊರು, ಹಳೆಯ ಜಿಲ್ಲೆಯ ವಿಳಾಸವನ್ನೇ ಬರೆದರು. ಇಲ್ಲದ ವಿಳಾಸಕ್ಕೆ ಬಂದ ಕಾಗದಗಳೆಲ್ಲ ತಪ್ಪದೆ ಅವರ ಕೈ ಸೇರಿದವು.

"ಹೇಗೆ?" ಎಂದೆ.

ಅಂಚೆಯವನಿಗೆ ಅಪ್ಪ ಗೊತ್ತಿತ್ತು, ಎಂದರು. ಆಮೇಲೆ ನಕ್ಷೆ ಮಡಚುತ್ತಾ, ಅಪ್ಪ ನನ್ನ ಜೊತೆ ಎರಡು ವರ್ಷ ಮಾತಾಡಲಿಲ್ಲ, ಎಂದರು. ನಾನು ನಮ್ಮ ಮನೆಯ ಮೌನವನ್ನು ನೆನೆಸಿಕೊಂಡು ಇನ್ನೊಂದು ಟೀ ಹೇಳಿದೆ.

ಒಂದು ಸೋಮವಾರ ಬೆಟ್ಟ ಹತ್ತಿದೆವು. ಸೋಮವಾರ ಎಂದು ಹೇಗೆ ನೆನಪಿದೆ ಎಂದರೆ, ಶಿವನ ವಾರವಾದ್ದರಿಂದ ಮೆಟ್ಟಿಲ ತುಂಬ ಜನ ಇದ್ದರು. ಯಜಮಾನರೂ ಮೊಮ್ಮಗಳೂ ಹಣ್ಣುಕಾಯಿ ಹಿಡಿದು ಬಂದಿದ್ದರು. ಅವಳ ಕೆಲಸ ಆಗಲೆಂದು ಹರಕೆ. ಬರಿಗಾಲಿನ ಯಜಮಾನರು ಎಲ್ಲರಿಗಿಂತ ಮುಂದೆ, ಬೂಟಿನ ಜರ್ಮನ್ನರು ಅವರ ಹಿಂದೆ, ಭೂಗೋಳದ ಪದವೀಧರ ಏದುಸಿರು ಬಿಡುತ್ತಾ ಕೊನೆಯಲ್ಲಿ.

ಬಂಡೆಯ ಮೇಲಿನ ಅಕ್ಷರಗಳು ಬಹುಪಾಲು ಸವೆದಿವೆ. ಇದೇ ಶಾಸನ ಹತ್ತಿರದ ಬ್ರಹ್ಮಗಿರಿಯಲ್ಲಿ ಇನ್ನಷ್ಟು ಚೆನ್ನಾಗಿ ಉಳಿದಿದೆ, ಅಲ್ಲಿನ ಪಾಠದಿಂದ ಇದರ ಒಕ್ಕಣೆ ತಿಳಿಯುತ್ತದೆ. ನಾನು ಓದಿದ್ದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಚಕ್ರವರ್ತಿಯ ಆಜ್ಞೆ ನೇರವಾಗಿ ಇಲ್ಲಿಗೆ ಬಂದದ್ದಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕ್ಷೇಮ ಕೇಳಿ, ಆಜ್ಞೆಯನ್ನು ಮುಂದಕ್ಕೆ ಕಳಿಸಿದ್ದಾರೆ.

ಜರ್ಮನ್ನರ ಕಣ್ಣು ಹೊಳೆಯಿತು. ಇದು ಸುತ್ತೋಲೆ, ಎಂದರು. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ, ಸರಿಯಾದ ಮಾರ್ಗದಲ್ಲಿ ಬಂದ ಸುತ್ತೋಲೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಸಹೋದ್ಯೋಗಿಗಳಿಗೆ ಗೌರವ ತೋರಿಸಲು ಟೋಪಿ ತೆಗೆದರು. ಆಗ ಅದು ಹಸಿರಾಗಿ ಕಂಡಿತು. ಆಮೇಲೆ ಕೇಳಿದರು: ಆ ಇಸಿಲ ಎಂಬ ಊರು ಇಲ್ಲೇ ಇತ್ತು ಎಂದು ನಿಮಗೆ ಹೇಗೆ ಗೊತ್ತು?

"ಈ ಕಾಗದದಿಂದಲೇ" ಎಂದೆ. "ಇಸಿಲಕ್ಕೆ ಬರೆದ ಕಾಗದ ಇಲ್ಲಿ ಬಂದು ತಲುಪಿದೆ. ಆದ್ದರಿಂದ ಇಸಿಲ ಇಲ್ಲಿತ್ತು."

ಇದನ್ನು ಕನ್ನಡದಲ್ಲೂ ಹೇಳಿದೆ. ಹುಡುಗಿ ನಕ್ಕಳು. "ಹೌದಾ ಸಾರ್?" ಎಂದು ತಾತನ ಮುಖ ನೋಡಿದಳು. ಯಜಮಾನರು ಬೇರೆ ಕಡೆ ತಿರುಗಿ ಕೆಮ್ಮಿದರು.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಹೀಗೆಂದೇ ನಾನು ಇಷ್ಟು ವರ್ಷ ಹೇಳುತ್ತಾ ಬಂದದ್ದು. ಹಟ್ಟಿಯ ಹೆಸರನ್ನೂ ಈ ಕಡೆ ತಾಲ್ಲೂಕಿನ ಹೆಸರನ್ನೂ ಸೇರಿಸಿ ವಿಳಾಸ ಹಾಕಿ ಒಂದು ಅರ್ಜಿ ಕೊಡುವುದು. ಕಚೇರಿ ಅರ್ಜಿ ಸ್ವೀಕರಿಸಿದರೆ ಉತ್ತರ ಕೊಡಲೇಬೇಕು. ಉತ್ತರ ಬಂದರೆ ಆ ವಿಳಾಸಕ್ಕೇ ಬರಬೇಕು. ಬಂದು ತಲುಪಿದರೆ ಊರು ಇದೆ ಎಂದಾಯಿತು. ಬೆಟ್ಟ ಇಳಿದು ಬಂದವನೇ ಹೋಟೆಲಿನ ಮೇಜಿನ ಮೇಲೆ ಕೂತು ಅರ್ಜಿ ಬರೆದೆ. ಹಟ್ಟಿಯ ಇತಿಹಾಸ, ಎತ್ತುಗಳ ವಲಸೆ, ಗ್ರಾಮ ಎಂಬುದರ ಅರ್ಥ, ಎಲ್ಲ ಸೇರಿ ನಾಲ್ಕು ಪುಟವಾಯಿತು. ಹುಡುಗಿ ಎದುರಿಗೆ ಕೂತು ಇಡ್ಲಿ ತಿನ್ನುತ್ತಾ ನೋಡುತ್ತಿದ್ದಳು. ಬರೆದು ಮುಗಿಸಿದಾಗ, "ಅಕ್ಷರ ಚೆಂದಾಗೈತೆ ಸಾರ್" ಎಂದಳು. ಸಹಿ ಹಾಕಿದಳು. ನಾನೇ ಹೋಗಿ ಈ ಕಡೆ ಕಚೇರಿಯಲ್ಲಿ ಕೊಟ್ಟು ಬಂದೆ.

ಜರ್ಮನ್ನರು ಹೊರಟುಹೋದರು. ಹೋಗುವಾಗ, ಫಲಿತಾಂಶ ತಿಳಿಸಬೇಕೆಂದು ಮೂರು ಸಲ ಹೇಳಿ, ವಿಳಾಸ ಬರೆದುಕೊಟ್ಟರು. ಅದರಲ್ಲಿ ಅವರ ಹಳೆಯ ಹಳ್ಳಿಯ ಹೆಸರಿತ್ತೋ ಹೊಸದಿತ್ತೋ ನಾನು ಕೇಳಲಿಲ್ಲ.

ಒಂದು ವಾರದ ಮೇಲೆ ಹಟ್ಟಿಯಿಂದ ಹೇಳಿಕಳಿಸಿದರು. ಹೋದೆ. ಬೇವಿನ ಮರದ ಕೆಳಗೆ ಒಂದಿಷ್ಟು ಜನ, ನಡುವೆ ಅಂಚೆಯವನು ಸೈಕಲ್ ನಿಲ್ಲಿಸಿಕೊಂಡು ಮಜ್ಜಿಗೆ ಕುಡಿಯುತ್ತಿದ್ದ. ಹುಡುಗಿಯ ಕೈಯಲ್ಲಿ ಸರ್ಕಾರಿ ಕಂದು ಲಕೋಟೆ. ಒಳಗಿನ ಕಾಗದವನ್ನು ಅವಳೇ ಗಟ್ಟಿಯಾಗಿ ಓದಿದಳು. ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಸದರಿ ಹೆಸರಿನ ಗ್ರಾಮವು ಈ ತಾಲ್ಲೂಕಿನಲ್ಲಿ ಇರುವುದು ಕಂಡುಬಂದಿರುವುದಿಲ್ಲವಾದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದಿತ್ತು. ಲಕೋಟೆಯ ಮೇಲೆ ಹುಡುಗಿಯ ಹೆಸರು, ಹಟ್ಟಿಯ ಹೆಸರು, ಕೆಳಗೆ ಅದೇ ತಾಲ್ಲೂಕಿನ ಹೆಸರು.

ಹುಡುಗಿ ಕಾಗದವನ್ನು ಮಡಚಿದಳು. ತಿರಸ್ಕಾರ ಎಂಬ ಮಾತು ಯಾವತ್ತೂ ಎದೆಗೆ ಗುದ್ದಿದಂತೆಯೇ ಕೇಳಿಸುತ್ತದೆ. ಉಳಿದಿದ್ದದ್ದು ಏಳೋ ಎಂಟೋ ದಿನ.

ಅಂಚೆಯವನು ಲೋಟ ಕೆಳಗಿಟ್ಟು, "ಊರಿಲ್ಲ ಅಂತ ತಿಳ್ಸಾಕೆ ನನ್ನ ಆ ಬಿಸ್ಲಾಗೆ ಇಷ್ಟ್ ದೂರ ಊರಿಗೇ ಕಳ್ಸವ್ರಲ್ಲ" ಎಂದ. ಆಗ ನಗು ಶುರುವಾದದ್ದು ನಿಂತದ್ದು ಬಹಳ ಹೊತ್ತಿನ ಮೇಲೆ.

ಮರುದಿನ ಯಜಮಾನರು, ಹುಡುಗಿ, ನಾನು ಮೂವರೂ ಈ ಕಡೆ ಕಚೇರಿಗೆ ಹೋದೆವು. ಬೆಳಿಗ್ಗೆಯಿಂದ ಕಾದು, ಊಟದ ಹೊತ್ತಿಗೆ ಸ್ವಲ್ಪ ಮುಂಚೆ ತಹಶೀಲ್ದಾರರ ಮುಂದೆ ನಿಂತೆವು. ನಾನು ಮಾತು ತಯಾರಿ ಮಾಡಿಕೊಂಡು ಹೋಗಿದ್ದೆ, ಇಸಿಲದಿಂದ ಶುರುಮಾಡುವುದೆಂದು. ಬಾಯಿ ತೆರೆಯುವ ಮೊದಲೇ ಯಜಮಾನರು ಕಾಗದವನ್ನೂ ಲಕೋಟೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

ತಹಶೀಲ್ದಾರರು ಓದಿದರು. "ಇದರಲ್ಲಿ ಇನ್ನೇನಿದೆ? ಊರಿಲ್ಲ ಅಂತ ಬರೆದಿದೆಯಲ್ಲ."

"ಹೌದು ಸಾಮಿ. ಇದು ಯಾರು ಕಳ್ಸಿದ್ದು?"

"ನಮ್ಮ ಕಚೇರಿದು."

"ಎಲ್ಲಿಗೆ ಕಳ್ಸಿದ್ರಿ?"

ತಹಶೀಲ್ದಾರರು ಲಕೋಟೆ ನೋಡಿದರು. ತಿರುಗಿಸಿ ಅಂಚೆ ಮೊಹರು ನೋಡಿದರು. ಮತ್ತೆ ಕಾಗದ ನೋಡಿದರು.

"ಎಲ್ಲಿಗ್ ಬಂತು ಇದು?" ಎಂದು ಅವರೇ ಕೇಳಿದರು.

"ನಮ್ ಹಟ್ಟಿಗೇ ಬಂತು ಸಾಮಿ" ಎಂದರು ಯಜಮಾನರು, ಬಹಳ ವಿನಯದಿಂದ. "ಊರಿಲ್ಲ ಅಂದ್ರೆ ನಾವ್ ಒಪ್ಕಂತೀವಿ. ನೀವ್ ದೊಡ್ಡೋರು. ಆದ್ರೆ ಟಪಾಲು ಬಂದೈತೆ. ಅದನ್ನ ಏನ್ ಮಾಡಾನ ಹೇಳ್ರಿ."

ಹುಡುಗಿ ಪಕ್ಕದಲ್ಲಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ತಹಶೀಲ್ದಾರರು ನಕ್ಕರೆಂದು ನನ್ನ ನೆನಪು. ನಗಲಿಲ್ಲ, ಸಿಟ್ಟಿನಿಂದ ಗುಮಾಸ್ತನನ್ನು ಕರೆದರೆಂದು ಅವಳು ಹೇಳುತ್ತಾಳೆ. ಅಂತೂ ಸ್ಥಳ ತನಿಖೆ ಮಾಡಿ ವರದಿ ಕೊಡಲು ಆದೇಶವಾಯಿತು. ಎರಡು ದಿನದ ಮೇಲೆ ರೆವಿನ್ಯೂ ಇನ್‌ಸ್ಪೆಕ್ಟರು ಬಂದು, ಬೇವಿನ ಮರದ ಕೆಳಗೆ ಐದು ಜನರ ಸಹಿ ಹಾಕಿಸಿ ಮಹಜರು ಬರೆದರು. ಚೆಕ್ಕುಬಂದಿಯಲ್ಲಿ, ಎಂದರೆ ಊರಿನ ನಾಲ್ಕು ದಿಕ್ಕಿನ ಗಡಿ ಬರೆಯುವ ಕಡೆ, ಪೂರ್ವಕ್ಕೆ 'ದನ ಮೈ ತಿಕ್ಕುವ ಕಲ್ಲು' ಎಂದು ಸೇರಿಸಿದರಂತೆ. ಇದು ನನಗೆ ಯಜಮಾನರು ಹೇಳಿದ್ದು. ಅವರು ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ. ಸಂದರ್ಶನಕ್ಕೆ ಎರಡು ದಿನ ಇದ್ದಾಗ ದೃಢೀಕರಣ ಪತ್ರ ಸಿಕ್ಕಿತು. ಅವಳು ತರಬೇತಿಗೆ ಹೋದಳು.

ನಾನು ಜರ್ಮನ್ನರಿಗೆ ಬರೆದೆ. ಅವರು ಉತ್ತರದ ಜೊತೆ ಬೆಟ್ಟದ ಮೇಲಿನ ಒಂದು ಫೋಟೋ ಕಳಿಸಿದರು. ಶಾಸನದ ಬಳಿ ಯಜಮಾನರು, ಹುಡುಗಿ ಮತ್ತು ನಾನು. ಆ ಕಾಲದ ಕ್ಯಾಮೆರಾಗಳಲ್ಲಿ ಬರುತ್ತಿದ್ದಂತೆ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು. ತಮ್ಮ ತಂದೆಯ ಕಥೆ ಈ ಉಪಾಯಕ್ಕೆ ದಾರಿ ತೋರಿಸಿದ್ದು ತಮಗೆ ಸಂತೋಷ ತಂದಿದೆ ಎಂದು ಬರೆದಿದ್ದರು. ಅದನ್ನು ಓದಿ ನನಗೆ ಸ್ವಲ್ಪ ಕಸಿವಿಸಿಯಾಯಿತು, ಯಾಕೆಂದರೆ ದಾರಿ ತೋರಿಸಿದ್ದು ಶಾಸನ, ಅದನ್ನು ವಿವರಿಸಿದವನು ನಾನು. ಯಜಮಾನರನ್ನು ಕೇಳಿದರೆ, "ಎತ್ತು ಮಲಗಿದ್ದು ಸುಳ್ಳಾಗ್ತೈತಾ?" ಎಂದರು. ಅವರ ಲೆಕ್ಕದಲ್ಲಿ ಎಲ್ಲವೂ ಎತ್ತುಗಳದ್ದೇ ಕೆಲಸ.

ವರ್ಷಗಳು ಕಳೆದವು. ನನಗೂ ಕೆಲಸ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋದ ಆರೋಗ್ಯ ಕೇಂದ್ರದಲ್ಲಿ ಬಿಳಿ ಸೀರೆ ಉಟ್ಟು ಕೂತಿದ್ದವಳು ಅವಳೇ. ಕಾರ್ಡಿನ ಮೇಲೆ ನಮ್ಮ ವಿಳಾಸವನ್ನು ದುಂಡಗೆ, ಅಕ್ಷರಗಳನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಬರೆದುಕೊಟ್ಟಳು. ಮನೆಗೆ ಬಂದು ನಾನು ಇಡೀ ಕಥೆಯನ್ನು ಇನ್ನೊಮ್ಮೆ ಹೇಳಿದೆ. ಹೆಂಡತಿ ಪೂರ್ತಿ ಕೇಳಿ, "ಅದೆಲ್ಲ ಸರಿ. ನಾಲ್ಕ್ ಪುಟದ ಅರ್ಜಿಗೆ ಅವ್ರು ನಾಲ್ಕ್ ಸಾಲಿನ ಉತ್ತರ ಕೊಟ್ರಾ? ಎತ್ತಿನ ಸುದ್ದಿ ಒಂದೂ ಎತ್ಲಿಲ್ವಾ?" ಎಂದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಾಹಿತಿ ಹಕ್ಕು ಆಗ ಹೊಸದಾಗಿ ಬಂದಿತ್ತು. ಜನ ಅದನ್ನು ರಸ್ತೆ, ರೇಷನ್ನು, ನೇಮಕಾತಿ ಎಂದು ಬಳಸುತ್ತಿದ್ದರು. ನಾನು ನನ್ನ ನೆನಪನ್ನು ಪರೀಕ್ಷಿಸಲು ಬಳಸಿದೆ. ಈ ಕಡೆ ಕಚೇರಿಯಿಂದ, ಅಂದುಕೊಂಡದ್ದಕ್ಕಿಂತ ಬೇಗ, ಆ ಕಡತದ ನಕಲು ಬಂತು.

ಅದರಲ್ಲಿ ಅರ್ಜಿಗಳು ಎರಡಿದ್ದವು. ಒಂದು ನನ್ನದು, ನಾಲ್ಕು ಪುಟ. ಮೇಲೆ ಯಾರೋ ಅಡ್ಡಡ್ಡ ಬರೆದಿದ್ದರು: 'ಈ ಬಗ್ಗೆ ಅರ್ಜಿ ಈಗಾಗಲೇ ಬಂದಿದೆ. ಕಡತದಲ್ಲಿರಿಸಿ.' ಇನ್ನೊಂದು ಆರು ಸಾಲಿನದು. ದುಂಡಗಿನ, ಎಡಕ್ಕೆ ವಾಲಿದ ಅಕ್ಷರ. ಹೆಸರು, ಹಟ್ಟಿ, ತಾಲ್ಲೂಕು. ವಾಸಸ್ಥಳದ ದೃಢೀಕರಣ ಬೇಕು ಎಂಬ ಎರಡು ಸಾಲು. 'ದಯವಿಟ್ಟು ಉತ್ತರವನ್ನು ಮೇಲಿನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕಾಗಿ ಕೋರುತ್ತೇನೆ' ಎಂಬ ಒಂದು ಸಾಲು. ಅದರ ಕೆಳಗೆ ಅಡಿಗೆರೆ.

ಕಾರ್ಡನ್ನೂ ನಕಲನ್ನೂ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಅವಳು ನೋಡಿ ನಾಚಿಕೊಂಡಳು.

"ಹೇಳ್ಬಹುದಿತ್ತಲ್ಲಮ್ಮ" ಎಂದೆ.

"ನೀವ್ ಅಷ್ಟು ಆಸೆಯಿಂದ ಬರೀತಿದ್ರಿ ಸಾರ್. ಯಾಕ್ ಬ್ಯಾಡ ಅನ್ಲಿ ಅಂತ ಸುಮ್ನಾದೆ. ಇಡ್ಲೀನೂ ಕೊಡ್ಸಿದ್ರಿ."

"ಆ ವಿಳಾಸದ ಉಪಾಯ ಎಲ್ಲಿಂದ ಬಂತು? ಬೆಟ್ಟದ ಮೇಲೆ ನಾನು ಹೇಳ್ದಾಗ ಹೊಳೀತಾ?"

"ನಮ್ ಹಾಸ್ಟೆಲ್ಗೆ ತಾತ ಬರೆಸಿದ ಕಾಗದಕ್ಕೆಲ್ಲ ನಾನ್ ಅದೇ ವಿಳಾಸಕ್ಕೆ ಉತ್ರ ಹಾಕ್ತಿದ್ದೆ ಸಾರ್. ಒಂದೂ ವಾಪಸ್ ಬಂದಿರ್ಲಿಲ್ಲ. ಸರ್ಕಾರದ್ದೂ ಬರ್ತೈತಾ ನೋಡಾನ ಅಂತ ಹಾಕ್ದೆ, ಅಷ್ಟೇ." ಮುಂದಿನ ಮಗುವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾ ಹೇಳಿದಳು, "ಬೆಟ್ಟಕ್ಕೆ ಹೋಗಿದ್ದು ಅರ್ಜಿ ಕೊಟ್ಟ ಮ್ಯಾಲೆ ಅಂತ ಕಾಣ್ತೈತೆ. ಸರಿಯಾಗಿ ನೆಪ್ಪಿಲ್ಲ."

ಅವಳಿಗೆ ನೆನಪಿಲ್ಲ, ನನ್ನ ನೆನಪನ್ನು ನಂಬುವಂತಿಲ್ಲ. ಮನೆಗೆ ಬಂದು ಫೋಟೋ ಹುಡುಕಿ ತೆಗೆದೆ. ಮೂಲೆಯ ತಾರೀಖು ಇನ್ನೂ ಓದಲು ಬರುತ್ತಿತ್ತು. ಕ್ಯಾಮೆರಾದಲ್ಲೇ ತಾರೀಖು ತಪ್ಪಾಗಿ ಇಟ್ಟಿದ್ದರೆ ಎಂಬ ಅನುಮಾನ ಬಂತು. ಅಪ್ಪ ಹಳೆಯ ಕ್ಯಾಲೆಂಡರುಗಳನ್ನು ಎಸೆಯುವವರಲ್ಲ. ಅಟ್ಟದಿಂದ ಆ ವರ್ಷದ್ದನ್ನು ಇಳಿಸಿ ನೋಡಿದೆ. ಅದು ಸೋಮವಾರವೇ. ಆರು ಸಾಲಿನ ಅರ್ಜಿಯ ಮೇಲೆ ಬಿದ್ದಿರುವ ಕಚೇರಿಯ ಮೊಹರು, ಅದರ ಹಿಂದಿನ ಶುಕ್ರವಾರದ್ದು.